ಮನೆಯಲ್ಲಿ ವಯಸ್ಸಾದವರಿದ್ದರೆ ಯಾವ ಕಿಟ್, ಯಾವ ಬಟನ್, ಯಾವ ಬಿಪಿ ಮೆಷಿನ್?

ಅಮ್ಮನಿಗೆ 78 ತುಂಬಿದ ವರ್ಷ ನಾನೊಂದು ಪ್ರಥಮ ಚಿಕಿತ್ಸೆಯ ಕಿಟ್ ತಂದಿದ್ದೆ. ಕೆಂಪು ಚೀಲ, ಮೇಲೆ ಬಿಳಿ ಪ್ಲಸ್ ಗುರುತು, ಒಳಗೆ ನೂರಕ್ಕೂ ಜಾಸ್ತಿ ಸಾಮಾನು. ಕಪಾಟಿನ ಮೇಲಿನ ಖಾನೆಯಲ್ಲಿಟ್ಟು, ಒಂದು ಕೆಲಸ ಮುಗೀತು ಅಂದುಕೊಂಡೆ. ಎರಡು ತಿಂಗಳಾಗಿರಬೇಕು, ಬಾಗಿಲ ಚಿಲಕಕ್ಕೆ ಅವಳ ಮುಂಗೈ ತಗುಲಿ ಚರ್ಮ ಹಾಳೆಯ ಹಾಗೆ ಎದ್ದು ಬಂತು. ಮನೆಯಲ್ಲಿ ಅವಳೊಬ್ಬಳೇ. ಕಿಟ್ ಎಲ್ಲಿದೆ ಅಂತ ಗೊತ್ತಿತ್ತು, ಕೈಗೆ ಎಟುಕಲಿಲ್ಲ. ಸ್ಟೂಲ್ ಹತ್ತುವುದು ಬೇಡ ಅಂತ ಊರುಗೋಲಿನಿಂದ ಎಳೆದು ಕೆಳಗೆ ಬೀಳಿಸಿದಳಂತೆ. ಬಿದ್ದ ಚೀಲದ ಜಿಪ್ಪು ಇಷ್ಟೇ ಇಷ್ಟು. ಸಂಧಿವಾತದ ಹೆಬ್ಬೆರಳಿಗೆ ಅದು ಸಿಗಲೇ ಇಲ್ಲ. ಕೊನೆಗೆ ಟವೆಲ್ ಸುತ್ತಿಕೊಂಡು ಕೂತಿದ್ದಳು. ಸಂಜೆ ಬಂದ ನಾನು ದೊಡ್ಡ ಬುದ್ಧಿವಂತನ ಹಾಗೆ ಗಾಯದ ಮೇಲೆ ಅಂಟು ಪ್ಲಾಸ್ಟರ್ ಹಾಕಿದೆ. ಮೂರನೇ ದಿನ ಅದನ್ನು ಕೀಳುವಾಗ ಪಕ್ಕದ ಒಳ್ಳೆಯ ಚರ್ಮವೂ ಜೊತೆಗೇ ಬಂತು. ಗಾಯ ಎರಡರಷ್ಟಾಯಿತು.

"ಇದನ್ನ ನೀನು ತಂದಿದ್ದು ನಿನಗೋ, ನನಗೋ?" ಅಂತ ಅಮ್ಮ ಕೇಳಿದಳು.

ಆಮೇಲಿಂದ ಈ ಥರದ ಏನನ್ನು ಕೊಳ್ಳುವಾಗಲೂ ಅದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಬಳಸುವ ಕೈ ಯಾವುದು? ಆ ಕೈ ನಡುಗುತ್ತದೆಯೇ? ರಾತ್ರಿ ಎರಡು ಗಂಟೆಗೆ, ಕನ್ನಡಕ ಇಲ್ಲದೆ, ಗಾಬರಿಯಲ್ಲಿ ಇದು ಕೆಲಸಕ್ಕೆ ಬರುತ್ತದೆಯೇ? ಕೆಳಗಿನ ಹೋಲಿಕೆಗಳೆಲ್ಲ ಆ ಲೆಕ್ಕದ್ದು.

ರೆಡಿಮೇಡ್ ಕಿಟ್ಟೋ, ನಾವೇ ಜೋಡಿಸಿದ್ದೋ?

ರೆಡಿಮೇಡ್ ಕಿಟ್‌ನ ಅನುಕೂಲ ಅಂದರೆ ಕತ್ತರಿ, ಕೈಗವಸು, ಗಾಜ್, ರೋಲರ್ ಬ್ಯಾಂಡೇಜ್ ಎಲ್ಲ ಒಂದೇ ಸಲಕ್ಕೆ ಸಿಗುತ್ತದೆ. ಆದರೆ ಅದನ್ನು ತುಂಬಿಸುವಾಗ ಮಕ್ಕಳ ಮೊಣಕಾಲು, ಪ್ರವಾಸ, ಕಾರು ಇಂಥವೇ ತಲೆಯಲ್ಲಿ ಇರುತ್ತವೆ ಅಂತ ಕಾಣುತ್ತದೆ. ನೂರು ಸಾಮಾನಿನಲ್ಲಿ ಮುಕ್ಕಾಲು ಪಾಲು ಪುಟ್ಟ ಪುಟ್ಟ ಪ್ಲಾಸ್ಟರ್. ವಯಸ್ಸಾದವರ ಚರ್ಮ ತೆಳು. ಸ್ಟೀರಾಯ್ಡ್ ಅಥವಾ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರ ಚರ್ಮವಂತೂ ಇನ್ನೂ ಸೂಕ್ಷ್ಮ. ಅಂಥವರಿಗೆ ಗಟ್ಟಿಯಾಗಿ ಅಂಟುವ ಪ್ಲಾಸ್ಟರ್ ಉಪಕಾರಕ್ಕಿಂತ ಅಪಾಯವೇ ಜಾಸ್ತಿ.

ನಾವೇ ಜೋಡಿಸಿದರೆ ಒಂದು ಮಧ್ಯಾಹ್ನ ಹಿಡಿಯುತ್ತದೆ, ಬೇಕಾದ್ದೇ ಇರುತ್ತದೆ. ನಾನು ಮಾಡಿದ್ದು ಎರಡರ ನಡುವಿನದು. ಕೆಂಪು ಚೀಲದ ಮುಕ್ಕಾಲು ಪಾಲು ಖಾಲಿ ಮಾಡಿ, ಉಳಿದದ್ದನ್ನು ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದೆ. ಮುಚ್ಚಳ ಒಂದೇ ಕೈಯಲ್ಲಿ ತೆಗೆಯುವಂಥದ್ದು. ಅದಕ್ಕೆ ಸಿಲಿಕೋನ್ ಪದರದ, ಗಾಯಕ್ಕೆ ಕಚ್ಚಿಕೊಳ್ಳದ ಪ್ಯಾಡ್‌ಗಳು ಸೇರಿದವು. ಹತ್ತಿಯ ರೋಲರ್ ಬ್ಯಾಂಡೇಜ್, ಕಾಗದದ ಟೇಪ್, ಸಲೈನ್‌ನ ಚಿಕ್ಕ ಬಾಟಲಿಗಳು, ಮೊಂಡು ತುದಿಯ ಕತ್ತರಿ, ಟಾರ್ಚ್, ಓದಲು ಒಂದು ಭೂತಗನ್ನಡಿ. ಹರಿಯಲು ಹಲ್ಲು ಬೇಕಾಗುವ ಆಂಟಿಸೆಪ್ಟಿಕ್ ಪೊಟ್ಟಣಗಳನ್ನೆಲ್ಲ ಎಸೆದೆ. ಹೈಡ್ರೋಜನ್ ಪೆರಾಕ್ಸೈಡ್ ಕೂಡ ಹೋಯಿತು. ಅದು ನೊರೆ ಬರುವುದು ನೋಡಿ ಕೆಲಸ ಮಾಡುತ್ತಿದೆ ಅನಿಸುತ್ತದೆ, ಆದರೆ ವಾಸಿಯಾಗುತ್ತಿರುವ ಜೀವಕೋಶಗಳಿಗೂ ಏಟು ಕೊಡುತ್ತದೆ. ಸಣ್ಣ ಗಾಯ ತೊಳೆಯಲು ಶುದ್ಧ ನೀರು ಸಾಕು.

ಚರ್ಮ ಕಿತ್ತು ಬಂದಾಗ ಮಾಡಬೇಕಾದ್ದು ಹೀಗೆ. ಮೊದಲು ಮೆಲ್ಲಗೆ ಒತ್ತಿ ಹಿಡಿದು ರಕ್ತ ನಿಲ್ಲಿಸಿ. ನೀರು ಅಥವಾ ಸಲೈನ್‌ನಿಂದ ತೊಳೆಯಿರಿ. ಎದ್ದ ಚರ್ಮವನ್ನು ಕತ್ತರಿಸಬೇಡಿ. ಒದ್ದೆ ಗಾಜ್‌ನಿಂದ ಅದನ್ನು ಮೆಲ್ಲಗೆ ದೂಡಿ ಸ್ವಸ್ಥಾನಕ್ಕೆ ತಂದು, ಮೇಲೆ ಅಂಟದ ಪ್ಯಾಡ್ ಇಟ್ಟು, ಬ್ಯಾಂಡೇಜ್ ಸುತ್ತಿ. ಟೇಪ್ ಬ್ಯಾಂಡೇಜ್ ಮೇಲೆ ಇರಲಿ, ಚರ್ಮಕ್ಕೆ ತಾಗುವುದು ಬೇಡ. ಪ್ಯಾಡ್ ಮೇಲೆ ಪೆನ್ನಿನಲ್ಲಿ ಒಂದು ಬಾಣ ಬರೆಯಿರಿ, ಯಾವ ಕಡೆಯಿಂದ ಬಿಚ್ಚಬೇಕು ಅಂತ. ನರ್ಸ್ ಒಬ್ಬರು ಹೇಳಿಕೊಟ್ಟ ಉಪಾಯ ಇದು. ತಪ್ಪು ದಿಕ್ಕಿನಿಂದ ಎಳೆದರೆ ಕೂತ ಚರ್ಮ ಮತ್ತೆ ಏಳುತ್ತದೆ.

ರಕ್ತ ಜಾಸ್ತಿ ಹೋಗುತ್ತಿದ್ದರೆ ಗಟ್ಟಿಯಾಗಿ ಒತ್ತಿ ಹಿಡಿದು ಗಡಿಯಾರ ನೋಡಿ ಹತ್ತು ನಿಮಿಷ ಕಾಯಿರಿ. ನಡುನಡುವೆ ಎತ್ತಿ ನೋಡುವ ಚಟ ನಮಗೆಲ್ಲ ಇದೆ, ಅದನ್ನು ಬಿಡಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಇನ್ನೂ ಹೆಚ್ಚು ಹೊತ್ತು ಬೇಕಾಗಬಹುದು. ಒತ್ತಿದರೂ ನಿಲ್ಲದಿದ್ದರೆ ಆಸ್ಪತ್ರೆಗೆ.

ಕಿಟ್ ಒಳಗಿನ ಮಾತ್ರೆಗಳ ಬಗ್ಗೆ ಒಂದು ಮಾತು. ಮನೆಯಲ್ಲಿ ಎಲ್ಲರೂ ನುಂಗುವ ಮಾತ್ರೆ ಹಿರಿಯರಿಗೂ ಆಗುತ್ತದೆ ಅಂತ ತಿಳಿಯಬೇಡಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆಗಳು ಹೊಟ್ಟೆಯಲ್ಲಿ ರಕ್ತಸ್ರಾವ ಮಾಡಬಹುದು, ಕಿಡ್ನಿಗೆ ಏಟು ಕೊಡಬಹುದು, ಬಿಪಿ ಏರಿಸಬಹುದು. ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಇದಕ್ಕಿಂತ ವಾಸಿ. ಅಲರ್ಜಿಗೆ ಕೊಡುವ ಹಳೆಯ ಮಾತ್ರೆಗಳು, ಅಂದರೆ ಕ್ಲೋರ್ಫೆನಿರಮಿನ್, ಡೈಫೆನ್‌ಹೈಡ್ರಮಿನ್, ಹಿರಿಯರಿಗೆ ಮಂಕು ಕವಿಸಿ, ಗೊಂದಲ ಮಾಡಿ, ಬೀಳಿಸುತ್ತವೆ. ವಯಸ್ಸಾದವರಿಗೆ ಆದಷ್ಟೂ ಕೊಡಬಾರದ ಔಷಧಿಗಳದ್ದೇ ಒಂದು ಪಟ್ಟಿ ಇದೆ. ಬಿಯರ್ಸ್ ಮಾನದಂಡ ಅಂತ ಹೆಸರು, ಮೊದಲು ಬಂದದ್ದು 1991ರಲ್ಲಿ. ಈ ಹಳೆಯ ಅಲರ್ಜಿ ಮಾತ್ರೆಗಳು ಅದರಲ್ಲಿವೆ.

ಬಿದ್ದಾಗ ಕರೆಯಲು: ಕೊರಳಿನ ಬಟನ್, ಕೈಗಡಿಯಾರ, ಫೋನ್

ಬಿದ್ದ ಏಟಿನಷ್ಟೇ ಕೆಟ್ಟದ್ದು ಏಳಲಾಗದೆ ಬಿದ್ದುಕೊಂಡೇ ಇರುವುದು. ಗಂಟೆಗಟ್ಟಲೆ ನೆಲದ ಮೇಲಿದ್ದರೆ ಮೈ ತಣ್ಣಗಾಗುತ್ತದೆ, ಒತ್ತಿದ ಜಾಗದ ಚರ್ಮ ಕೆಡುತ್ತದೆ, ಮೈಯಲ್ಲಿ ನೀರು ಕಡಿಮೆಯಾಗುತ್ತದೆ. ಒತ್ತಡಕ್ಕೆ ಸಿಕ್ಕ ಮಾಂಸಖಂಡ ಒಡೆದು ಅದರ ಅಂಶ ಕಿಡ್ನಿಗೆ ತೊಂದರೆ ಕೊಡುತ್ತದೆ. ಅದಕ್ಕೇ ಕರೆಯುವ ಸಾಧನ ಮುಖ್ಯ.

ಕೊರಳಿಗೆ ಹಾಕುವ ಅಥವಾ ಮಣಿಕಟ್ಟಿಗೆ ಕಟ್ಟುವ ಬಟನ್ ತುಂಬಾ ಸರಳ. ಒತ್ತಿದರೆ ಮನೆಯೊಳಗಿನ ಪೆಟ್ಟಿಗೆಯ ಮೂಲಕ ಕರೆ ಹೋಗುತ್ತದೆ. ಮೇಲಿಂದ ಮೇಲೆ ಚಾರ್ಜ್ ಮಾಡುವ ಗೋಜಿಲ್ಲ. ನೀರು ತಾಗಿದರೂ ಕೆಡದ್ದನ್ನೇ ಆರಿಸಿ, ಯಾಕಂದರೆ ಜಾರುವುದು ಬಚ್ಚಲಲ್ಲೇ. ಕೊರಳ ದಾರ ಜೋರಾಗಿ ಎಳೆದರೆ ತಾನಾಗಿ ಬಿಚ್ಚಿಕೊಳ್ಳುವಂತಿರಲಿ, ಎಲ್ಲಾದರೂ ಸಿಕ್ಕಿಕೊಂಡರೆ ಉಸಿರು ಕಟ್ಟಬಾರದಲ್ಲ. ಕೊರತೆ ಏನು? ಮನೆಯಿಂದ ಸ್ವಲ್ಪ ದೂರ ಹೋದರೆ ಸಿಗ್ನಲ್ ಸಿಗುವುದಿಲ್ಲ. ಪ್ರಜ್ಞೆ ತಪ್ಪಿದರೆ ಒತ್ತುವವರಿಲ್ಲ.

ಸ್ಮಾರ್ಟ್ ವಾಚ್ ಆ ಕೊರತೆ ತುಂಬುತ್ತದೆ. ಆ್ಯಪಲ್ ವಾಚ್‌ಗೆ ಬೀಳುವುದನ್ನು ಗುರುತಿಸುವ ಸೌಲಭ್ಯ 2018ರಲ್ಲಿ, ನಾಲ್ಕನೇ ಸರಣಿಯಲ್ಲಿ ಬಂತು. ಜೋರಾಗಿ ಬಿದ್ದು ಸುಮಾರು ಒಂದು ನಿಮಿಷ ಅಲುಗಾಡದಿದ್ದರೆ ತಾನೇ ತುರ್ತು ಸಂಖ್ಯೆಗೆ ಕರೆ ಮಾಡುತ್ತದೆ. ಬೇರೆ ಕಂಪನಿಗಳಲ್ಲೂ ಈಗ ಇದೆ. ಆದರೆ ಹಾಸಿಗೆಯಿಂದ ಮೆಲ್ಲಗೆ ಜಾರಿ ಕೂತರೆ ಅದಕ್ಕೆ ಗೊತ್ತಾಗದೇ ಹೋಗಬಹುದು. ಇನ್ನೊಂದು ತೊಂದರೆ ಯಾರೂ ಹೇಳುವುದಿಲ್ಲ. ವಾಚನ್ನು ಹೆಚ್ಚುಕಡಿಮೆ ದಿನಾ ಚಾರ್ಜ್ ಮಾಡಬೇಕು, ನಾವೆಲ್ಲ ಮಾಡುವುದು ರಾತ್ರಿ. ಹಿರಿಯರು ಕತ್ತಲಲ್ಲಿ ಬಚ್ಚಲಿಗೆ ಎದ್ದು ಹೋಗುವ ಹೊತ್ತಿಗೆ ವಾಚು ಚಾರ್ಜರ್ ಮೇಲೆ ಮಲಗಿರುತ್ತದೆ! ಚಾರ್ಜಿಂಗನ್ನು ಬೆಳಿಗ್ಗೆ, ಯಾರಾದರೂ ಜೊತೆಗಿರುವ ಹೊತ್ತಿಗೆ ಬದಲಾಯಿಸಿ.

ಫೋನ್ ಅಂದರೆ ಮೇಜಿನ ಮೇಲಿನ ಫೋನ್. ಬಿದ್ದವರು ನೆಲದ ಮೇಲೆ. ಮಾತಾಡಿದರೆ ಕೇಳುವ ಸ್ಪೀಕರ್‌ಗಳಿಗೆ ಕೈ ಬೇಡ ನಿಜ, ಆದರೆ ಕರೆಂಟ್, ಇಂಟರ್‌ನೆಟ್ ಎರಡೂ ಬೇಕು. ಎರಡನೇ ಆಸರೆಯಾಗಿ ಇವು ಇರಲಿ.

ಹಾಗಾದರೆ ಯಾವುದು? 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂದಿತ್ತು. 90 ದಾಟಿದ 110 ಜನರನ್ನು ಒಂದು ವರ್ಷ ಗಮನಿಸಿದ್ದರು. ಹಲವರ ಬಳಿ ಕರೆ ಬಟನ್ ಇತ್ತು. ಆದರೂ ತುಂಬಾ ಹೊತ್ತು ನೆಲದ ಮೇಲೆ ಬಿದ್ದಿದ್ದ ಹೆಚ್ಚಿನ ಸಂದರ್ಭಗಳಲ್ಲಿ ಅದನ್ನು ಬಳಸಿಯೇ ಇರಲಿಲ್ಲ. ಇದು ನನಗೆ ಆಶ್ಚರ್ಯ ಅನಿಸಲಿಲ್ಲ. ಅಮ್ಮನೂ ಮೊದಲ ತಿಂಗಳು ಬಟನ್ನನ್ನು ಮೊಳೆಗೆ ನೇತು ಹಾಕಿದ್ದಳು. "ನಾಯಿ ಬಿಲ್ಲೆ ಹಾಗಿದೆ" ಅಂದಳು. ಇನ್ನೊಂದು ಸಲ, "ಸುಮ್ನೆ ಒತ್ತಿ ನಿಮಗ್ಯಾಕೆ ತೊಂದರೆ ಕೊಡಲಿ" ಅಂದಳು. ಮಣಿಕಟ್ಟಿನ ಬಟನ್‌ಗೆ ಬದಲಾಯಿಸಿ, ತಿಂಗಳಿಗೊಮ್ಮೆ ನಾನೇ ಹೇಳಿ ಒತ್ತಿಸಲು ಶುರು ಮಾಡಿದ ಮೇಲೆ ಸಂಕೋಚ ಹೋಯಿತು. ಹೊರಗೆ ಓಡಾಡುವವರಿಗೆ, ತಲೆಸುತ್ತಿ ಪ್ರಜ್ಞೆ ತಪ್ಪುವವರಿಗೆ ವಾಚ್ ಒಳ್ಳೆಯದು. ಮನೆಯಲ್ಲೇ ಇರುವವರಿಗೆ, ಮರೆವಿನವರಿಗೆ ಬಟನ್. ಆದರೆ ಮರೆವು ಬಲವಾಗಿದ್ದರೆ ಬಟನ್ ಇದೆ ಅನ್ನುವುದೇ ನೆನಪಾಗುವುದಿಲ್ಲ. ಅಲ್ಲಿ ಯಂತ್ರ ನಂಬಬೇಡಿ, ಜನ ಬೇಕು.

ಬಿದ್ದವರನ್ನು ಕಂಡ ತಕ್ಷಣ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ನಿಮ್ಮ ಬೆನ್ನೂ ಹೋಗುತ್ತದೆ. ಮೊದಲು ಪಕ್ಕದಲ್ಲಿ ಕೂತು ಮಾತಾಡಿಸಿ. ಸೊಂಟ ನೋಯುತ್ತಿದ್ದು ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ ಹಾಗಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ಹೊದಿಕೆ ಹೊದಿಸಿ, ಅಲುಗಿಸದೆ ಆಂಬ್ಯುಲೆನ್ಸ್ ಕರೆಯಿರಿ. ತಲೆಗೆ ಏಟಾಗಿ, ರಕ್ತ ತೆಳುವಾಗಿಸುವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರೆ ಎಷ್ಟು ಆರಾಮಾಗಿ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ತಲೆಯೊಳಗಿನ ರಕ್ತಸ್ರಾವ ದಿನಗಳು, ಕೆಲವೊಮ್ಮೆ ವಾರಗಳ ಮೇಲೂ ತಲೆ ಎತ್ತಬಹುದು.

ಬಿಪಿ ಮೆಷಿನ್: ತೋಳಿನದೋ, ಮಣಿಕಟ್ಟಿನದೋ?

ತೋಳಿನದೇ. ಮಣಿಕಟ್ಟಿನದು ಚಿಕ್ಕದು, ಹಾಕಲು ಸುಲಭ. ಆದರೆ ಕೈಯನ್ನು ಸರಿಯಾಗಿ ಎದೆಯ ಮಟ್ಟಕ್ಕೆ ಹಿಡಿಯದಿದ್ದರೆ ಅಂಕಿ ತಪ್ಪುತ್ತದೆ. ನಡುಗುವ ಕೈಯವರು ಹಾಗೆ ಹಿಡಿಯುವುದು ಕಷ್ಟ. ತೋಳು ತುಂಬಾ ದಪ್ಪವಿದ್ದು ಪಟ್ಟಿ ಕೂರದಿದ್ದರೆ, ತೋಳಿಗೆ ಪಟ್ಟಿ ಕಟ್ಟಲೇಬಾರದು ಅಂತಿದ್ದರೆ ಮಾತ್ರ ಮಣಿಕಟ್ಟಿನದನ್ನು ಯೋಚಿಸಿ. ಬೆರಳಿಗೆ ಹಾಕುವ ಬಿಪಿ ಮೆಷಿನ್ ಬೇಡವೇ ಬೇಡ.

ಕೊಳ್ಳುವ ಮೊದಲು ತೋಳಿನ ಸುತ್ತಳತೆ ಟೇಪಿನಲ್ಲಿ ಅಳೆಯಿರಿ. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಐದು ನಿಮಿಷ ಸುಮ್ಮನೆ ಕೂತು, ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, ಮಾತಾಡದೆ ನೋಡಬೇಕು. ಎದ್ದಾಗ ತಲೆಸುತ್ತುವವರಿಗೆ ಇನ್ನೊಂದು ಪರೀಕ್ಷೆ ಇದೆ. ನಿಂತ ಮೂರು ನಿಮಿಷದೊಳಗೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ವೈದ್ಯರಿಗೆ ತಿಳಿಸಿ. ಬೀಳುವುದಕ್ಕೆ ಎಷ್ಟೋ ಸಲ ಅದೇ ಕಾರಣ.

ಆಕ್ಸಿಮೀಟರ್, ಥರ್ಮಾಮೀಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ ಆಕ್ಸಿಮೀಟರ್ ಸುಳ್ಳು ಹೇಳುತ್ತದೆ. ಕಪ್ಪು ಮೈಬಣ್ಣದವರಲ್ಲಿ ಕೆಲವೊಮ್ಮೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಥರ್ಮಾಮೀಟರ್ ಡಿಜಿಟಲ್ ಸಾಕು, ಪಾದರಸದ್ದು ಮನೆಯಿಂದ ಹೋಗಲಿ. ಆದರೆ ಹಿರಿಯರಿಗೆ ಸೋಂಕಾದರೂ ಜ್ವರ ಬರದೇ ಇರಬಹುದು. ನಿನ್ನೆ ಚೆನ್ನಾಗಿದ್ದವರು ಇವತ್ತು ಇದ್ದಕ್ಕಿದ್ದಂತೆ ಅಸಂಬದ್ಧ ಮಾತಾಡಿದರೆ, ಥರ್ಮಾಮೀಟರ್ ಏನೇ ಹೇಳಲಿ, ಅದು ಕಾಯಿಲೆಯ ಗುರುತು.

ಶುಗರ್ ಇಳಿದಾಗ: ಗ್ಲೂಕೋಸ್, ಸಕ್ಕರೆ, ಚಾಕೊಲೇಟ್

ರಕ್ತದಲ್ಲಿ ಶುಗರ್ 70ಕ್ಕಿಂತ ಕೆಳಗೆ ಇಳಿದರೆ ಲೋ ಶುಗರ್. ಬೇಗ ಕರಗುವ ಸಕ್ಕರೆ ಸುಮಾರು 15 ಗ್ರಾಂ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏರದಿದ್ದರೆ ಇನ್ನೊಂದು ಸಲ.

ಚಾಕೊಲೇಟ್, ಬಿಸ್ಕತ್ತು ಇಲ್ಲಿ ಸೋಲುತ್ತವೆ. ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡ ಮಾಡುತ್ತದೆ. ಹಣ್ಣಿನ ರಸ ಅರ್ಧ ಲೋಟ ಸಾಕು, ಆದರೆ ಕಿಡ್ನಿ ತೊಂದರೆಯಿಂದ ಪೊಟ್ಯಾಸಿಯಂ ಪಥ್ಯ ಇರುವವರಿಗೆ ಕೆಲವು ರಸ ಆಗಿಬರುವುದಿಲ್ಲ. ನೀರಲ್ಲಿ ಕದಡಿದ ಒಂದು ದೊಡ್ಡ ಚಮಚ ಸಕ್ಕರೆ ಹೆಚ್ಚಿನವರಿಗೆ ಕೆಲಸ ಮಾಡುತ್ತದೆ. ಒಂದು ವಿಷಯ ಮಾತ್ರ ನೆನಪಿರಲಿ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಮಾತ್ರೆ ನುಂಗುವವರಲ್ಲಿ ಸಾಮಾನ್ಯ ಸಕ್ಕರೆ ಬೇಗ ಒಡೆಯುವುದಿಲ್ಲ, ಅವರಿಗೆ ಗ್ಲೂಕೋಸೇ ಬೇಕು. ಹಾಗಾಗಿ ನನ್ನ ಆಯ್ಕೆ ಗ್ಲೂಕೋಸ್ ಮಾತ್ರೆ ಅಥವಾ ಪುಡಿ. ಲೆಕ್ಕ ಸುಲಭ, ಯಾರೂ ರುಚಿಗೆ ತಿಂದು ಖಾಲಿ ಮಾಡುವುದಿಲ್ಲ. ಡಬ್ಬಿಯಲ್ಲಿ ಒಂದಿಷ್ಟು, ದಿಂಬಿನ ಪಕ್ಕ ಒಂದಿಷ್ಟು.

ಪ್ರಜ್ಞೆ ಇಲ್ಲದವರ ಬಾಯಿಗೆ, ನುಂಗಲಾಗದವರ ಬಾಯಿಗೆ ಏನನ್ನೂ ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ ಆಂಬ್ಯುಲೆನ್ಸ್ ಕರೆಯಿರಿ. ಕೆಲವು ಬಿಪಿ ಮಾತ್ರೆಗಳು ನಡುಕ, ಎದೆ ಬಡಿತದ ಮುನ್ಸೂಚನೆಯನ್ನು ಮರೆಮಾಡುತ್ತವೆ. ಬೆವರು ಮಾತ್ರ ಬರುತ್ತದೆ. "ಅಜ್ಜನಿಗೆ ಅರಳು ಮರಳು" ಅಂತ ತಳ್ಳಿಹಾಕುವ ಮೊದಲು ಹಣೆ ಮುಟ್ಟಿ ನೋಡಿ, ಶುಗರ್ ನೋಡಿ.

ಸ್ವಂತ ಕಾರೋ, ಆಂಬ್ಯುಲೆನ್ಸೋ?

ಇಲ್ಲಿ ಎಲ್ಲರೂ ಎಡವುತ್ತೇವೆ. ಕಾರು ಬಾಗಿಲಲ್ಲೇ ಇದೆ, ಆಂಬ್ಯುಲೆನ್ಸ್ ಬರುವ ತನಕ ಯಾಕೆ ಕಾಯಬೇಕು ಅನಿಸುತ್ತದೆ ಅಲ್ವಾ? ಕೈ ಕುಯ್ದುಕೊಂಡರೆ, ಮಣಿಕಟ್ಟು ಊದಿದರೆ ಕಾರು ಸರಿ. ಎದೆನೋವಿಗೆ ಸರಿಯಲ್ಲ. ದಾರಿಯಲ್ಲಿ ಹೃದಯ ನಿಂತರೆ ಕಾರಿನಲ್ಲಿ ಶಾಕ್ ಕೊಡುವ ಯಂತ್ರ ಇಲ್ಲ, ಎದೆ ಒತ್ತಲು ಜಾಗವೂ ಇಲ್ಲ. ಹಿರಿಯರಿಗೆ ಹೃದಯಾಘಾತ ಎದೆನೋವಿಲ್ಲದೆಯೂ ಬರುತ್ತದೆ. ಬರೀ ಏದುಸಿರು, ತಣ್ಣನೆ ಬೆವರು, ವಾಕರಿಕೆ, ಇದ್ದಕ್ಕಿದ್ದಂತೆ ಸುಸ್ತು.

ಸ್ಟ್ರೋಕ್, ಅಂದರೆ ಲಕ್ವ ಹೊಡೆದಾಗಲೂ ಆಂಬ್ಯುಲೆನ್ಸೇ. ಬಾಯಿ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು, ಇವುಗಳಲ್ಲಿ ಒಂದು ಕಂಡರೂ ಸಾಕು. ಅವರು ಕೊನೆಯ ಸಲ ಸರಿಯಾಗಿದ್ದುದನ್ನು ನೀವು ನೋಡಿದ್ದು ಎಷ್ಟು ಗಂಟೆಗೆ ಅಂತ ಬರೆದುಕೊಳ್ಳಿ. ಗಡ್ಡೆ ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಆ ಲೆಕ್ಕ ಶುರುವಾಗುವುದು ಅಲ್ಲಿಂದ. ಆಂಬ್ಯುಲೆನ್ಸ್‌ನವರಿಗೆ ಸ್ಟ್ರೋಕ್ ಅನುಮಾನ ಅಂತ ಮೊದಲೇ ಹೇಳಿ, ಸ್ಕ್ಯಾನ್ ಮತ್ತು ಚಿಕಿತ್ಸೆ ಎರಡೂ ಇರುವ ಆಸ್ಪತ್ರೆಗೇ ಹೋಗಬೇಕು.

ಇವೆರಡರಲ್ಲಿ ಆಸ್ಪಿರಿನ್ ವಿಷಯ ಗೊಂದಲ ಮಾಡಿಕೊಳ್ಳಬೇಡಿ. ಹೃದಯಾಘಾತದ ಅನುಮಾನವಿದ್ದು, ಅಲರ್ಜಿ ಇಲ್ಲದಿದ್ದರೆ, ತುರ್ತು ಸಂಖ್ಯೆಯವರು ಹೇಳಿದರೆ ಸುಮಾರು 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿಸಬಹುದು. ಸ್ಟ್ರೋಕ್‌ಗೆ ಮನೆಯಲ್ಲಿ ಕೊಡಲೇಬಾರದು. ಅದು ಗಡ್ಡೆಯೋ, ರಕ್ತಸ್ರಾವವೋ ಅಂತ ಸ್ಕ್ಯಾನ್ ಇಲ್ಲದೆ ಯಾರಿಗೂ ಗೊತ್ತಾಗುವುದಿಲ್ಲ. ನೀರೂ ಬೇಡ, ನುಂಗುವ ಶಕ್ತಿ ಹೋಗಿರಬಹುದು.

ಆಂಬ್ಯುಲೆನ್ಸ್ ಬರಲು ತುಂಬಾ ತಡವಾಗುವ ಜಾಗದಲ್ಲಿದ್ದರೆ ಕರೆ ಮಾಡಿ ಅವರನ್ನೇ ಕೇಳಿ, ಕಾಯಲೋ ಹೊರಡಲೋ ಅಂತ. ಹೊರಡುವುದಾದರೆ ಓಡಿಸುವವರಲ್ಲದೆ ಇನ್ನೊಬ್ಬರು ಹಿಂದಿನ ಸೀಟಿನಲ್ಲಿ ಕೂರಬೇಕು.

ಕಾಗದವೋ, ಫೋನೋ?

ಔಷಧಿ, ಅಲರ್ಜಿ, ವೈದ್ಯರ ನಂಬರ್, ಯಾರನ್ನು ಕರೆಯಬೇಕು ಎಂಬುದನ್ನು ಸ್ಮಾರ್ಟ್‌ಫೋನ್‌ನಲ್ಲಿ ಲಾಕ್ ತೆಗೆಯದೆಯೇ ಕಾಣುವ ಹಾಗೆ ತುಂಬಿಸಿಡಬಹುದು. ದಾರಿಯಲ್ಲಿ ಏನಾದರೂ ಆದರೆ ಅದು ಉಪಯೋಗ. ಮನೆಯೊಳಗೆ ಕಾಗದವೇ ಗೆಲ್ಲುತ್ತದೆ. ಬ್ಯಾಟರಿ ಮುಗಿಯುವುದಿಲ್ಲ, ಪಕ್ಕದ ಮನೆಯವರೂ ಓದಬಹುದು. ದಪ್ಪ ಅಕ್ಷರ, ಒಂದೇ ಹಾಳೆ, ಮೇಲೆ ಬರೆದ ತಾರೀಖು. ಮೊದಲ ಸಾಲಿನಲ್ಲೇ ರಕ್ತ ತೆಳುವಾಗಿಸುವ ಮಾತ್ರೆ, ಇನ್ಸುಲಿನ್, ಪೇಸ್‌ಮೇಕರ್ ಇದ್ದರೆ ಬರೆಯಿರಿ. ಫ್ರಿಜ್ ಬಾಗಿಲಿಗೆ ಒಂದು ಪ್ರತಿ, ಪರ್ಸಿನಲ್ಲಿ ಒಂದು. ಮಾತ್ರೆ ಬದಲಾದ ದಿನವೇ ಹಳೆಯದನ್ನು ಹರಿದು ಹಾಕಿ. ಹಳೆಯ ಪಟ್ಟಿ ಪಟ್ಟಿಯೇ ಇಲ್ಲದ್ದಕ್ಕಿಂತ ಕೆಟ್ಟದ್ದು.

ಮನೆ ಬಿಟ್ಟು ಓಡಬೇಕಾದ ಪರಿಸ್ಥಿತಿಗೂ ಒಂದು ಚೀಲ ಇರಲಿ. ಕನಿಷ್ಠ ಒಂದು ವಾರದ ಮಾತ್ರೆ, ಹಳೆಯ ಕನ್ನಡಕ, ಹಲ್ಲಿನ ಸೆಟ್ಟಿನ ಡಬ್ಬಿ, ಶ್ರವಣ ಸಾಧನದ ಬ್ಯಾಟರಿ. ಗುಂಡು ಬ್ಯಾಟರಿಗಳನ್ನು ಮಾತ್ರೆಗಳ ಜೊತೆ ಇಡಬೇಡಿ, ಕಣ್ಣು ಮಂಜಾದವರು ನುಂಗಿಬಿಡುವ ಅಪಾಯ ನಿಜಕ್ಕೂ ಇದೆ. ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರ್ ಇದ್ದರೆ ಅದು ಕರೆಂಟ್ ನಂಬಿಕೊಂಡದ್ದು. ದಿನನಿತ್ಯಕ್ಕೆ ಅದೇ ಅನುಕೂಲ, ಆದರೆ ಕರೆಂಟ್ ಹೋದಾಗಿಗೆ ಒಂದು ಸಿಲಿಂಡರ್ ತುಂಬಿಸಿಡಿ. ಬೆಂಕಿಯಿಂದ ಎರಡನ್ನೂ ದೂರ ಇಡಿ.

ವಿಡಿಯೋ ನೋಡಿ ಕಲಿಯುವುದೋ, ತರಗತಿಗೆ ಹೋಗುವುದೋ?

ನಾನು ಹತ್ತಾರು ವಿಡಿಯೋ ನೋಡಿದ್ದೆ. ಎದೆ ಒತ್ತುವುದು ನಿಮಿಷಕ್ಕೆ 100ರಿಂದ 120 ಸಲ, ಆಳ 5ರಿಂದ 6 ಸೆಂಟಿಮೀಟರ್, ಎಲ್ಲ ಬಾಯಿಪಾಠ. ತರಗತಿಯಲ್ಲಿ ಗೊಂಬೆಯ ಎದೆ ಒತ್ತಿದಾಗ ಅದರ ದೀಪ ಹಸಿರಾಗಲೇ ಇಲ್ಲ. ನಾನು ಒತ್ತುತ್ತಿದ್ದುದು ಅರ್ಧದಷ್ಟು ಆಳ. ಎರಡು ನಿಮಿಷಕ್ಕೆ ತೋಳು ಬಿದ್ದುಹೋಯಿತು. ಐದು ಸೆಂಟಿಮೀಟರ್ ಅಂದರೆ ಎಷ್ಟು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ, ಕೈಗೇ ಗೊತ್ತಾಗಬೇಕು. ವಯಸ್ಸಾದವರಲ್ಲಿ ಪಕ್ಕೆಲುಬು ಲಟಕ್ ಅನ್ನಬಹುದು, ಆದರೂ ನಿಲ್ಲಿಸಬಾರದು ಅಂತ ಕಲಿಸಿದವರು ಹೇಳಿದರು. ಹಾಗಾಗಿ ಮೊದಲ ಸಲ ತರಗತಿಗೇ ಹೋಗಿ. ಕಲಿತದ್ದು ಕೆಲವೇ ತಿಂಗಳಲ್ಲಿ ಮಸುಕಾಗುತ್ತದೆ, ಆಗ ವಿಡಿಯೋ ನೋಡಿ. ಗಂಟಲಲ್ಲಿ ಆಹಾರ ಸಿಕ್ಕಿ ಉಸಿರು ಕಟ್ಟಿದರೆ ಬೆನ್ನಿಗೆ ಐದು ಏಟು, ಹೊಟ್ಟೆಗೆ ಐದು ಒತ್ತು. ಗಾಲಿಕುರ್ಚಿಯಲ್ಲಿ ಕೂತವರಿಗೆ ಇದನ್ನು ಹೇಗೆ ಮಾಡುವುದು ಅಂತ ತರಗತಿಯಲ್ಲೇ ಕೇಳಿ ಮಾಡಿ ನೋಡಿ.

ನಾನು ತರಗತಿಯಿಂದ ಬಂದ ದಿನ ಅಮ್ಮ ಡಬ್ಬಿಯನ್ನು ತನ್ನ ಮಂಚದ ಪಕ್ಕದ ಸ್ಟೂಲಿಗೆ ಸ್ಥಳಾಂತರಿಸಿದ್ದಳು. ಗ್ಲೂಕೋಸ್ ಮಾತ್ರೆ, ಟಾರ್ಚು ಮೇಲಕ್ಕೆ ಬಂದಿದ್ದವು, ನನ್ನ ಪ್ರೀತಿಯ ಮೊಂಡು ಕತ್ತರಿ ಅಡಿಗೆ ಹೋಗಿತ್ತು. ಅದು ಅವಳ ಕೈಗೆ ಬಿಗಿಯಂತೆ. ಈಗ ಸ್ಪ್ರಿಂಗ್ ಇರುವ ಕತ್ತರಿ ಹುಡುಕುತ್ತಿದ್ದೇನೆ.